ನಲವತ್ತನೆಯ ಜ್ವಾಲೆ

ಕಳೆದ ವಾರ ಎಂಆರ್‌ಟಿ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಚೀಲದಿಂದ ಹೆಬ್ಬೆರಳಿನುದ್ದದ ಒಂದು ಕೊಳವೆ ತೆಗೆದು, ಮುಚ್ಚಳ ತಿರುಗಿಸಿ, ಮೂಗಿನ ಹೊಳ್ಳೆಗೆ ಹಿಡಿದು ಜೋರಾಗಿ ಎಳೆದುಕೊಂಡರು. ಕರ್ಪೂರ, ಪುದೀನ, ಅದರ ಹಿಂದೆಯೇ ಲವಂಗದಂಥ ಒಂದು ಘಾಟು. ಅಷ್ಟೇ ಸಾಕಾಯಿತು. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಇಳಿಯಬೇಕಾದ ಬಿಶಾನ್ ಬಂದು ಹೋಗಿದ್ದೂ ತಿಳಿಯಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡೆ. ಎಲ್ಲವೂ ಆಡುತ್ತಿದ್ದವು. ಮೂವತ್ತು ದಾಟಿದ ಹೆಂಗಸು, ಒಂದು ಮಗುವಿನ ತಾಯಿ, ಪ್ಲಾಟ್‌ಫಾರ್ಮಿನಲ್ಲಿ ಹೀಗೆ ಬೆರಳು ಪರೀಕ್ಷೆ ಮಾಡಿಕೊಳ್ಳುತ್ತಾ ಕೂತರೆ ನೋಡಿದವರು ಏನಂದುಕೊಂಡಾರು! ಅಂದುಕೊಳ್ಳಲಿ. ನಾನು ಹುಟ್ಟಾ ಪುಕ್ಕಲಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ವಾಸನೆ ನಮ್ಮ ಟೈಲರ್ ಆಂಟಿಯದು. ಕತ್ತಿನಲ್ಲಿ ಅಳತೆಯ ಟೇಪು, ಅದರ ಜೊತೆಗೇ ದಾರ ಕಟ್ಟಿ ನೇತುಹಾಕಿಕೊಂಡ ಅಂಥದೇ ಒಂದು ಕೊಳವೆ. ಹತ್ತು ಹೊಲಿಗೆಗೊಮ್ಮೆ ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ವುಡ್‌ಲ್ಯಾಂಡ್ಸ್‌ನ ಒಂದು ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಅವರ ಮನೆ. ಥಾಯ್ಲೆಂಡಿನವರು, ಇಲ್ಲಿಯವರನ್ನು ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಅಮ್ಮನ ಬ್ಲೌಸುಗಳನ್ನು ಹೊಲಿಯುತ್ತಿದ್ದುದರಿಂದ ನಮಗೆ ಅವರು ಟೈಲರ್ ಆಂಟಿ. ಆದರೆ ಅವರ ನಿಜವಾದ ಕಸುಬು ಬೇರೆ. ಹುಡುಗಿಯಾಗಿದ್ದಾಗ ಬ್ಯಾಂಕಾಕಿನಲ್ಲಿ ಒಬ್ಬ ಗುರುವಿನ ಹತ್ತಿರ, ಅಲ್ಲಿನ ಶಾಸ್ತ್ರೀಯ ನೃತ್ಯದವರು ತೊಡುವ ಉಡುಪಿಗೆ ಜರಿ ಕಸೂತಿ ಹಾಕುವುದನ್ನು ಕಲಿತವರು. ನನ್ನನ್ನು ‘ನೂ’ ಎಂದು ಕರೆಯುತ್ತಿದ್ದರು. ನೂ ಅಂದರೆ ಇಲಿಯಂತೆ. ಅವರ ಕಡೆ ಹಿರಿಯರು ಹುಡುಗಿಯರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರಂತೆ. ನನ್ನ ಮಟ್ಟಿಗೆ ಅದು ಅಕ್ಷರಶಃ ಸರಿಯಾಗಿತ್ತು ಬಿಡಿ.

ಇದೆಲ್ಲ ಎರಡು ಸಾವಿರದ ಹದಿನಾಲ್ಕರ ಸುಮಾರಿನ ಮಾತು. ನಾನು ಫ್ಯಾಷನ್ ಡಿಸೈನ್ ಓದುತ್ತಿದ್ದೆ, ಕೊನೆಯ ವರ್ಷ. ಅದರ ಹಿಂದಿನ ರಜೆಯಲ್ಲಿ ಮನೆಯವರೆಲ್ಲ ಬ್ಯಾಂಕಾಕಿಗೆ ಹೋಗಿದ್ದೆವು. ಅಪ್ಪ ಅಮ್ಮ ದೇವಾಲಯದೊಳಗೆ ಕೈಮುಗಿಯುತ್ತಿದ್ದರೆ ನಾನು ಅಂಗಳದಲ್ಲಿ ಕತ್ತು ನೋಯುವವರೆಗೂ ಅದರ ಮಾಡು ನೋಡುತ್ತಾ ನಿಂತುಬಿಟ್ಟಿದ್ದೆ. ಒಂದರ ಮೇಲೊಂದು ಹೊದಿಸಿದಂತೆ ಮೂರು ಮಾಡು. ನಡುವೆ ಕಿತ್ತಳೆ ಬಣ್ಣದ ಹೆಂಚು, ಸುತ್ತ ಹಸಿರು ಹೆಂಚು, ಥೇಟ್ ಸೀರೆಯ ಬಾರ್ಡರ್. ನೆತ್ತಿಯಲ್ಲಿ ಹಕ್ಕಿಯ ಕತ್ತಿನಂತೆ ಬಾಗಿ ಆಕಾಶಕ್ಕೆ ಚುಚ್ಚುವ ಕೊಂಬು. ಅದಕ್ಕೆ ಚೋಫಾ ಅನ್ನುತ್ತಾರೆ. ಇಳಿಜಾರಿನ ಅಂಚಿನುದ್ದಕ್ಕೂ ಸಾಲಾಗಿ ಎದ್ದುನಿಂತ ಚಿನ್ನದ ಜ್ವಾಲೆಗಳು. ಕಂಬಗಳಿಗೂ ನಾಲ್ಕೇ ಮೂಲೆಯಲ್ಲ. ಒಂದೊಂದು ಮೂಲೆಯನ್ನೂ ಒಳಕ್ಕೆ ಮಡಿಸಿ ಮಡಿಸಿ ಹನ್ನೆರಡು ಮಾಡಿದ್ದರು. ಅಯ್ಯೋ, ಇದು ಕಟ್ಟಡವಲ್ಲ, ಇದು ನೆರಿಗೆ ಅನ್ನಿಸಿತು. ವಾಪಸು ಬರುವ ವಿಮಾನದಲ್ಲೇ ನನ್ನ ಕೊನೆಯ ವರ್ಷದ ಆರು ಉಡುಪುಗಳ ಸ್ಕೆಚ್ ಸಿದ್ಧವಾಗಿತ್ತು. ಮೂರು ಮಾಡು ಮೂರು ಪದರದ ತೋಳಾಯಿತು, ಹನ್ನೆರಡು ಮೂಲೆಯ ಕಂಬ ಲಂಗದ ನೆರಿಗೆಯಾಯಿತು, ಚೋಫಾ ಕಾಲರಿನ ತುದಿಯಾಯಿತು. ಆಫೀಸಿಗೆ ಹಾಕಿಕೊಂಡು ಹೋಗಬಹುದಾದ ಬಟ್ಟೆ, ಆದರೆ ಮೈಮೇಲೆ ಒಂದು ಗೋಪುರ.

ಸ್ಕೆಚ್ ನೋಡಿದ ಆಂಟಿ ನಕ್ಕರು. ಅವರದ್ದು ಮುರುಕು ಇಂಗ್ಲಿಷು, ಇಲ್ಲಿಯವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿದ್ದು, ನನ್ನ ಕನ್ನಡಕ್ಕೆ ತಂದರೆ ಹೀಗಿರುತ್ತಿತ್ತು: “ನೀನೇನು ಹೊಸದು ಕಂಡುಹಿಡಿದೆ ಅಂದ್ಕೊಂಡ್ಯಾ ನೂ? ಕುಣಿಯೋರ ಭುಜ ನೋಡು, ಅಲ್ಲೂ ಚೋಫಾನೇ. ತಲೆ ಮೇಲಿನ ಕಿರೀಟ ನೋಡು, ಅದೂ ಗೋಪುರಾನೇ. ಮಾಡು ಅಂದ್ರೆ ಮನೆ ತೊಟ್ಟಿರೋ ಬಟ್ಟೆ ಲಾ.” ಹಾಗೆಂದು ಪೆನ್ಸಿಲ್ ಕಿತ್ತುಕೊಂಡು ನನ್ನ ಸ್ಕೆಚ್ಚಿನ ಭುಜದ ಮೇಲೆ ಒಂದು ಜ್ವಾಲೆ ಬರೆದರು. ಕೈ ಎತ್ತದೆ ಒಂದೇ ಗೆರೆ. ತುದಿಯಲ್ಲಿ ಸಣ್ಣದೊಂದು ಕೊಂಕು. ಇಂಥವು ನಲವತ್ತು, ಒಂದು ಪಟ್ಟಿಯ ಮೇಲೆ ಸಾಲಾಗಿ ಸುರುಳಿ ಜರಿಯಲ್ಲಿ ಹಾಕಿಕೊಡುತ್ತೇನೆ, ಕೊನೆಯ ಉಡುಪಿನ ಭುಜಕ್ಕೆ ಹಾಕಿಕೋ ಎಂದರು. ಬೆಂಕಿ ಮೇಲಕ್ಕೇ ಹೋಗುವುದು, ಮನೆಯ ಮೇಲಾದರೂ ಮೈಯ ಮೇಲಾದರೂ, ಎಂದು ಎರಡು ಸಲ ಹೇಳಿದರು.

ಹೊಸ ಕೆಲಸ ಶುರು ಮಾಡುತ್ತಿದ್ದುದು ಗುರುವಾರ ಮಾತ್ರ. ಹೊಲಿಗೆ ಕೋಣೆಯ ಗೋಡೆಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ ಒಂದು ಗೂಡು. ಅದರಲ್ಲಿ ಅವರ ಗುರುವಿನ ಕತ್ತರಿ, ಬಣ್ಣ ಹೋದ ಒಂದು ಚೂಪು ಕಿರೀಟ. ಗುರುವಾರ ಅದಕ್ಕೆ ಹೂವು, ಊದುಬತ್ತಿ. ಇದನ್ನು ಹೇಳಿದಾಗ ಅಮ್ಮನಿಗಾದ ಖುಷಿ ಅಷ್ಟಿಷ್ಟಲ್ಲ. “ರಾಯರ ವಾರ ಕಣೇ! ನೋಡಿದ್ಯಾ, ನಮ್ಮೋರೇ ಬಿಡು ಅವ್ರು” ಎಂದು ಅಂದಿನಿಂದ ತನ್ನ ಬ್ಲೌಸುಗಳನ್ನೂ ಗುರುವಾರವೇ ಕೊಡತೊಡಗಿದಳು.

ನನಗೆ ಮಾತ್ರ ಆ ಗೂಡನ್ನು ಕಂಡರೆ ಭಯ. ಯಾಕೆಂದರೆ ಆಂಟಿ ಒಂದು ಕತೆ ಹೇಳಿದ್ದರು. ಅದೂ ಹೆದರಿಸಲೆಂದಲ್ಲ, ಜರಿ ಕತ್ತರಿಸುತ್ತಾ, ಬಸ್ಸು ತಪ್ಪಿದ ಸುದ್ದಿ ಹೇಳುವ ದನಿಯಲ್ಲಿ. ಅವರ ಗುರುವಿನ ಮನೆಯಲ್ಲಿ ಒಬ್ಬಳು ಕಸೂತಿಯ ಉಡುಪನ್ನು ನೆಲಕ್ಕೆ ಹಾಕಿ ದಾಟಿದಳಂತೆ. ದಾಟಿದವಳಿಗೆ ಏನೂ ಆಗಲಿಲ್ಲ. ಆ ಕಸೂತಿ ಹಾಕಿದ್ದ ಅಕ್ಕನ ಕೈ ಕಟ್ಟಿಹೋಯಿತು. “ತಟ್ಟೋದು ಕೆಲಸ ಮಾಡಿದ ಕೈಗೆ” ಎಂದರು. ಆಮೇಲೆ? ಆಮೇಲೆ ಎಲ್ಲರೂ ಸೇರಿ ಆ ಉಡುಪನ್ನು ಶುದ್ಧ ಮಾಡಿ ಹೊಸ ಕಸೂತಿ ಹಾಕಿದರು. ಎಲ್ಲವನ್ನೂ ಯಾರು ಬೇಕಾದರೂ ಹೊಲಿಯಬಹುದು, ಕೊನೆಯದೊಂದನ್ನು ಮಾತ್ರ ತಪ್ಪು ಮಾಡಿದವಳೇ, ಗುರುವಾರ, ತನ್ನ ಕೈಯಾರೆ ಹೊಲಿಯಬೇಕು. ಅದು ಅವರ ಗುರುವಿನ ಪದ್ಧತಿ. ಅವಳು ಹೊಲಿದಳು, ಮಾರನೇ ದಿನ ಅಕ್ಕನ ಬೆರಳು ಬಗ್ಗಿತು. ನಾನು ‘ಹೌದಾ ಆಂಟಿ’ ಎಂದು ನಕ್ಕೆ. ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಮಾತ್ರ ಬೆನ್ನು ಗೋಡೆಗೆ ಒತ್ತಿಕೊಂಡಿದ್ದೆ.

ಇನ್ನೊಂದು ದಿನ ಜಾಕೆಟ್ಟಿನ ಅಳತೆ ನೋಡಲೆಂದು ಅದನ್ನು ನನ್ನ ಮೈಮೇಲೆ ಹಾಕಿ, ಬೆನ್ನುದ್ದಕ್ಕೂ ದಾರದಲ್ಲಿ ಹೊಲಿದೇಬಿಟ್ಟರು. ಅವರಲ್ಲಿ ಹಾಗೇ ಅಂತೆ. ಕುಣಿಯುವವರಿಗೆ ಗುಂಡಿ, ಜಿಪ್ಪು ಏನೂ ಇಲ್ಲ, ವೇದಿಕೆಗೆ ಹೋಗುವ ಮುಂಚೆ ಬಟ್ಟೆಯನ್ನು ಮೈಮೇಲೇ ಹೊಲಿಯುತ್ತಾರೆ, ಆಟ ಮುಗಿದ ಮೇಲೆ ಕತ್ತರಿಸುತ್ತಾರೆ. ಎರಡೇ ನಿಮಿಷ ನಿಂತಿದ್ದೆನೇನೋ, ಉಸಿರು ಸಿಕ್ಕಿಹಾಕಿಕೊಂಡಂತಾಗಿ “ಬಿಚ್ಚಿ ಆಂಟಿ, ಬಿಚ್ಚಿ” ಎಂದು ಕಿರುಚಿದೆ. “ಸೂಜಿ ನಿನ್ನ ಕಡೆ ನೋಡ್ತಾನೇ ಇಲ್ಲ, ಅದಕ್ಕ್ಯಾಕೆ ಹೆದರ್ತೀಯ ನೂ?” ಎಂದು ನಗುತ್ತಾ ಕತ್ತರಿ ತಂದರು. ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ನನ್ನ ಬೆನ್ನು ತಿಕ್ಕುತ್ತಾ ನಿಂತಿದ್ದರು...

ಕೊನೆಯ ವರ್ಷದವರ ಫ್ಯಾಷನ್ ಷೋಗೆ ಮೂರು ವಾರ ಇರುವಾಗ ಕಾಲೇಜಿನಲ್ಲಿ ನಮ್ಮ ಟ್ಯೂಟರ್ ನನ್ನ ಕೆಲಸ ನೋಡಿದರು. ಐದು ಉಡುಪು ನೋಡಿ ತಲೆಯಾಡಿಸಿದರು. ಆರನೆಯದರ ಸ್ಕೆಚ್ ಎತ್ತಿ, ಇದು ನಾಟಕದ ವೇಷ, ಇದರಲ್ಲಿ ನೀನೆಲ್ಲಿದ್ದೀಯ, ಹೀಗಾದರೆ ಪಾಸಾಗುವುದು ಕಷ್ಟ ಎಂದರು. ಆಮೇಲೆ ಅವರಿಗೆ ಏನು ತೋಚಿತೋ, ಹಾಳೆಯನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದರು. ಭುಜದ ಜ್ವಾಲೆಗಳು ಕೆಳಮುಖವಾಗಿ, ಮಾಡಿನಿಂದ ಸುರಿಯುವ ನೀರಿನ ಹಾಗೆ ಕಂಡವು. ಸುತ್ತ ನಿಂತಿದ್ದವರೆಲ್ಲ ವಾಹ್ ಎಂದರು. ಭುಜಕ್ಕಲ್ಲ, ಲಂಗದ ಅಂಚಿಗೆ ಹಾಕು, ಹೀಗೇ ಕೆಳಮುಖವಾಗಿ ಎಂದರು ಟ್ಯೂಟರ್. ಸುಳ್ಳು ಹೇಳುವುದಿಲ್ಲ, ನನಗೂ ಅದು ಚೆಂದವೇ ಕಂಡಿತು.

ಆಂಟಿಯನ್ನು ಕೇಳಿದೆ. ಅವರ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಅದೇ ಮೊದಲು. “ಬೇಡ. ಕಾಲಿನ ಹತ್ತಿರ ಬೇಡ. ತಲೆಕೆಳಗೆ ಬೇಡವೇ ಬೇಡ” ಎಂದು ಗೂಡಿನ ಕಡೆ ತಿರುಗಿ ಕೈಮುಗಿದರು. ಆಗಲಿ, ಭುಜಕ್ಕೇ ಇರಲಿ ಎಂದೆ. ಅವರು ಪಟ್ಟಿ ಮುಗಿಸಿದರು. ನಲವತ್ತು ಜ್ವಾಲೆ, ಒಂದಕ್ಕಿಂತ ಒಂದು ಹೊಳಪು. ಭುಜಕ್ಕೆ ನಾನೇ ಕಾಲೇಜಿನ ಮಷೀನಿನಲ್ಲಿ ಹಾಕಿಕೊಳ್ಳುತ್ತೇನೆ ಎಂದು ಹೇಳಿ ಮನೆಗೆ ತಂದೆ. ತಂದು, ಬಾಗಿಲು ಹಾಕಿಕೊಂಡು, ಲಂಗದ ಅಂಚಿಗೆ ತಲೆಕೆಳಗಾಗಿ ಹೊಲಿದೆ.

ಯಾಕೆ ಮಾಡಿದೆ ಅಂದರೆ, ಹೆದರಿಕೆಯಿಂದಲೇ ಮಾಡಿದೆ. ಫೇಲಾಗುವ ಭಯ ಆ ಕ್ಷಣಕ್ಕೆ ಗುರುವಿನ ಭಯಕ್ಕಿಂತ ದೊಡ್ಡದಾಗಿತ್ತು. ಲಂಗ ಉಟ್ಟು ಕನ್ನಡಿಯ ಮುಂದೆ ನಡೆದು ನೋಡಿದೆ. ನಡೆಯುವಾಗ ಒಂದು ಜ್ವಾಲೆಯ ತುದಿ ನನ್ನ ಪಾದಕ್ಕೆ ತಾಗಿತು. ಪುಸ್ತಕಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಯೋಚಿಸುವ ಮೊದಲೇ ಬಗ್ಗಿ, ಜ್ವಾಲೆ ಮುಟ್ಟಿ, ಕಣ್ಣಿಗೊತ್ತಿಕೊಂಡಿದ್ದೆ. ಹಾಗೇ ಬಗ್ಗಿದವಳಿಗೆ ಮೇಲೇಳಲಾಗಲಿಲ್ಲ. ಅಮ್ಮನ ಊರಿನ ಶಾಸ್ತ್ರವೆಲ್ಲ ಗೊತ್ತಿದ್ದವಳೇ ಇನ್ನೊಬ್ಬರ ಊರಿನ ಶಾಸ್ತ್ರವನ್ನು ಕಾಲಿಗೆ ಕಟ್ಟಿಕೊಂಡಿದ್ದೆ. ಬಿಚ್ಚಲೇ ಅನ್ನಿಸಿತು. ಬಿಚ್ಚಲಿಲ್ಲ.

ಷೋಗೆ ಕಾಲೇಜಿನವರಿಗೆ ಮಾತ್ರ ಪ್ರವೇಶ ಎಂದು ಆಂಟಿಗೆ ಸುಳ್ಳು ಹೇಳಿದೆ. ಷೋ ಚೆನ್ನಾಯಿತು, ಟ್ಯೂಟರ್ ಎಲ್ಲರೆದುರು ಹೊಗಳಿದರು, ನಾನು ಪಾಸಾದೆ. ಮುಂದಿನ ಗುರುವಾರ ಅಮ್ಮ ಮಾಡಿದ ಮೈಸೂರು ಪಾಕು ಹಿಡಿದು ವುಡ್‌ಲ್ಯಾಂಡ್ಸಿಗೆ ಹೋದೆ. ಆಂಟಿ ಬಾಗಿಲು ತೆರೆದದ್ದು ಎಡಗೈಯಲ್ಲಿ.

ಬಲಗೈಯ ಬೆರಳು ಮೂರು ದಿನದಿಂದ ಬಗ್ಗುತ್ತಿಲ್ಲ ಎಂದರು. ನನ್ನೆದುರೇ ಸೂಜಿ ಹಿಡಿಯಲು ನೋಡಿದರು, ಸೂಜಿ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. ಪಾಲಿಕ್ಲಿನಿಕ್ಕಿನಲ್ಲಿ ನರದ ತೊಂದರೆ ಅಂದರಂತೆ, ವಯಸ್ಸಾಯಿತು ಅಂದರಂತೆ. ಆಂಟಿ ಗೂಡಿನ ಕಡೆ ನೋಡುತ್ತಾ, “ಎಲ್ಲೋ ಗುರುವಿಗೆ ತಪ್ಪಾಗಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ” ಎಂದರು. ನಾನು ಮೈಸೂರು ಪಾಕಿನ ಡಬ್ಬಿಯನ್ನು ಬೇಕೆಂದೇ ಸದ್ದು ಮಾಡುತ್ತಾ ತೆರೆದೆ. ಷೋ ಫೋಟೋ ತೋರಿಸು ಎಂದರು. ಫೋನಿನಲ್ಲಿ ಐದು ಉಡುಪು ತೋರಿಸಿ, ಆರನೆಯದರ ಫೋಟೋ ಇನ್ನೂ ಬಂದಿಲ್ಲ ಎಂದೆ.

ಆಮೇಲೆ ಪ್ರತಿ ಗುರುವಾರ ಹೋಗತೊಡಗಿದೆ. ಇದು ಬರೀ ನರದ ತೊಂದರೆ ಎಂದು ರೈಲಿನಲ್ಲಿ ಹೋಗುವಾಗ ನಂಬುತ್ತಿದ್ದೆ, ವಾಪಸು ಬರುವಾಗ ನಂಬುತ್ತಿರಲಿಲ್ಲ. ಅವರ ಸೂಜಿಗಳಿಗೆ ದಾರ ಪೋಣಿಸಿಡುತ್ತಿದ್ದೆ. ಅವರು ಎಡಗೈಯಲ್ಲಿ ಹೊಲಿಯುವುದನ್ನು ಕಲಿಯುತ್ತಿದ್ದರು, ಒಂದನೇ ಕ್ಲಾಸಿನ ಮಗು ಅಕ್ಷರ ತಿದ್ದುವ ಹಾಗೆ ತುಟಿ ಕಚ್ಚಿಕೊಂಡು. ಹೇಳಿಬಿಡಬೇಕು ಎಂದು ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದೆ. ‘ಟೀ ಮಾಡ್ಲಾ ಆಂಟಿ?’ ಎಂಬುದಷ್ಟೇ ಹೊರಗೆ ಬರುತ್ತಿತ್ತು. ಲಂಗವನ್ನು ನನ್ನ ಕಪಾಟಿನ ತಳದಲ್ಲಿ ತುರುಕಿ, ಆ ಬಾಗಿಲನ್ನು ತೆರೆಯುವುದನ್ನೇ ಬಿಟ್ಟಿದ್ದೆ.

ಒಂದು ಬೆಳಗ್ಗೆ ಧೈರ್ಯ ಮಾಡಿ ತೆರೆದೆ. ಪಟ್ಟಿಯನ್ನು ಬಿಚ್ಚಿ, ಅವರ ಕಾಲಿಗೆ ಬಿದ್ದುಬಿಡೋಣ ಎಂದು. ಲಂಗ ಇರಲಿಲ್ಲ.

“ಅದಾ? ಒಳಗಡೆ ಲೈನಿಂಗ್ ಹರಿದು ಜೋತಾಡ್ತಿತ್ತು, ನಾನೇ ಆಂಟಿಗೆ ಕೊಟ್ಟು ಬಂದೆ” ಎಂದಳು ಅಮ್ಮ, ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ. “ಹದಿನೈದು ದಿನದ ಮೇಲಾಯ್ತಲ್ಲೇ. ಅವ್ರು ಹೇಳ್ಲಿಲ್ವಾ ನಿಂಗೆ?”

ಹದಿನೈದು ದಿನ. ಅಂದರೆ ನಡುವೆ ಎರಡು ಗುರುವಾರ ನಾನು ಅವರ ಎದುರು ಕೂತು ದಾರ ಪೋಣಿಸಿದ್ದೆ, ಟೀ ಕುಡಿದಿದ್ದೆ. ಆರನೆಯ ಉಡುಪು ಇನ್ನೂ ಕಾಲೇಜಿನಲ್ಲೇ ಇದೆ ಎಂದು ಇನ್ನೊಮ್ಮೆ ಸುಳ್ಳು ಹೇಳಿದ್ದೆ. ಅದು ಅದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವರು ‘ಓ, ಹೌದಾ’ ಎಂದು ತಲೆಯಾಡಿಸಿದ್ದರು.

ಬಿಶಾನಿನಿಂದ ವುಡ್‌ಲ್ಯಾಂಡ್ಸಿಗೆ ರೈಲಿನಲ್ಲಿ ಹೋದ ಆ ಅರ್ಧ ಗಂಟೆ... ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಸುಮ್ಮನಿದ್ದರೆ ಏನು ಮಾಡುವುದು? ಅವರು ಸುಮ್ಮನೇ ಇದ್ದರು. ಬಾಗಿಲಲ್ಲೇ ಒಂದು ಕಾಗದದ ಪೊಟ್ಟಣ ಕೊಟ್ಟರು, ಬಿಗಿಯಾಗಿ ದಾರ ಸುತ್ತಿದ್ದು. ಆ ಕೊಳವೆಯನ್ನು ಎಡಗೈಯಲ್ಲಿ ಮೂಗಿಗೆ ಹಿಡಿದು ಎಳೆದುಕೊಂಡು, “ಲೈನಿಂಗ್ ಹಾಕಿದೀನಿ. ಗುರುವಾರ ಬಿಚ್ಚು. ಬೇರೆ ದಿನ ಬೇಡ” ಎಂದರು. ಒಳಗೆ ಬಾ ಅನ್ನಲಿಲ್ಲ. ನಾನು ಲಿಫ್ಟಿಗೂ ಕಾಯದೆ, ಒಂಬತ್ತು ಮಹಡಿ ಮೆಟ್ಟಿಲಿಳಿದು ಓಡಿದೆ.

ಪೊಟ್ಟಣವನ್ನು ಬಿಚ್ಚಲಿಲ್ಲ. ಅದರೊಳಗೆ ಏನಿದೆಯೋ, ಚೂರು ಚೂರು ಕತ್ತರಿಸಿ ಹಾಕಿದ್ದಾರೋ, ಮಾಟವೋ ಮಂತ್ರವೋ, ನನ್ನ ತಲೆಗೆ ಏನೇನೆಲ್ಲ ಬಂತೋ ಹೇಳಿದರೆ ನಾಚಿಕೆಯಾಗುತ್ತದೆ. ನನ್ನ ಬೆನ್ನು ತಿಕ್ಕಿದ ಹೆಂಗಸಿನ ಬಗ್ಗೆ ಹಾಗೆಲ್ಲ ಯೋಚಿಸಿದೆ! ಸೂಟ್‌ಕೇಸಿನ ತಳಕ್ಕೆ ಹಾಕಿ ಬೀಗ ಹಾಕಿದೆ. ಮತ್ತೆ ಅವರ ಮನೆಗೆ ಹೋಗಲಿಲ್ಲ. ಸೂಜಿಯನ್ನೂ ಮುಟ್ಟಲಿಲ್ಲ, ಒಂದು ಬಟ್ಟೆ ಕಂಪನಿಯಲ್ಲಿ ಆರ್ಡರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ, ಇಂದಿಗೂ ಅದೇ ಕೆಲಸ.

ಥಾಯ್ಲೆಂಡಿನಲ್ಲಿರುವ ತಮ್ಮ ತಂಗಿಯ ಊರಿಗೆ ಹೋಗಿಬಿಡುತ್ತೇನೆಂದು ಹೇಳಲು ಆಂಟಿ ಒಂದು ಶುಕ್ರವಾರ ಫೋನ್ ಮಾಡಿದರು. ಹೊರಡುವ ವಿಷಯ ಹೇಳುವ ಮೊದಲು, “ನೂ, ಬಿಚ್ಚಿದ್ಯಾ? ಆಯ್ತಾ?” ಎಂದರು.

“ಆಯ್ತು ಆಂಟಿ. ಎಲ್ಲಾ ಆಯ್ತು. ತುಂಬಾ ಚೆನ್ನಾಗಿದೆ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. “ಅದಕ್ಕೇ ಲಾ. ಇವತ್ತು ಬೆಳಗ್ಗೆ ಬೆರಳು ಬಗ್ಗಿತು” ಎಂದರು. ಸದ್ಯ, ಬೈಯಲಿಲ್ಲವಲ್ಲ ಎಂದು ನಾನು ಫೋನಿಟ್ಟೆ. ಆ ಮಾತನ್ನು ಹಿಡಿದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ವುಡ್‌ಲ್ಯಾಂಡ್ಸಿನ ಅವರ ಹಳೆಯ ಪಕ್ಕದ ಮನೆಯವರು ಅಮ್ಮನಿಗೆ ಹೇಳಿದರು. ಕೈ ಕೊನೆಯವರೆಗೂ ಸರಿಹೋಗಲೇ ಇಲ್ಲವಂತೆ.

ಎಂಆರ್‌ಟಿಯ ಆ ಅಜ್ಜಿಯ ಕೊಳವೆಯ ವಾಸನೆ ಹೊತ್ತುಕೊಂಡು ನಾನು ಮನೆಗೆ ಬಂದದ್ದು ಬುಧವಾರ ಸಂಜೆ. ಸೂಟ್‌ಕೇಸ್ ಇಳಿಸಿ, ಪೊಟ್ಟಣ ತೆಗೆದು, ಮೇಜಿನ ಮೇಲಿಟ್ಟು, ಕ್ಯಾಲೆಂಡರ್ ನೋಡಿ, ಬೆಳಗಾಗಲೆಂದು ಕಾದೆ. ಅಷ್ಟಾದರೂ ಅವರ ಮಾತು ಕೇಳೋಣವೆಂದು. ಬೆಳಗ್ಗೆ ಮಗುವನ್ನು ಶಾಲೆಗೆ ಕಳಿಸಿ, ಸ್ನಾನ ಮಾಡಿ, ದಾರ ಕತ್ತರಿಸಿದೆ.

ಲಂಗ ಹಾಗೇ ಇತ್ತು. ಅಂಚಿನ ಜ್ವಾಲೆಗಳು ನಾನು ಹೊಲಿದಂತೆಯೇ ತಲೆಕೆಳಗಾಗಿ, ಜರಿ ಸ್ವಲ್ಪ ಕಪ್ಪಾಗಿ. ಅವರು ಒಂದನ್ನೂ ಬಿಚ್ಚಿರಲಿಲ್ಲ. ನನ್ನ ಪರೀಕ್ಷೆಯ ಬಟ್ಟೆಯನ್ನು ಕೆಡಿಸಬಾರದೆಂದಿರಬೇಕು. ಒಳಗೆ ಹೊಸ ಬಿಳಿ ಲೈನಿಂಗ್. ಅದನ್ನು ಮಗುಚಿದೆ. ಸೊಂಟದ ಪಟ್ಟಿಯ ಒಳಗಡೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಹಳದಿ ನೂಲಿನ ಪುಟ್ಟ ಪುಟ್ಟ ಜ್ವಾಲೆಗಳ ಸಾಲು. ಎಲ್ಲವೂ ಮೇಲ್ಮುಖ. ಒಂದು ಗಿಡ್ಡ, ಒಂದು ಉದ್ದ, ಒಂದು ವಾಲಿಕೊಂಡಿದ್ದು, ಹೊಲಿಗೆಯೆಲ್ಲ ಎಡಕ್ಕೆ ಎಳೆದಿದ್ದು. ಒಂದೇ ಗೆರೆಯಲ್ಲಿ ಜ್ವಾಲೆ ಬರೆಯುತ್ತಿದ್ದವರ ಎಡಗೈಯ ಕೆಲಸ. ಎಣಿಸಿದೆ. ಮೂವತ್ತೊಂಬತ್ತು. ನಲವತ್ತನೆಯದನ್ನು ಪೆನ್ಸಿಲಿನಲ್ಲಿ ಬರೆದು ಬಿಟ್ಟಿದ್ದರು. ಅದರ ಪಕ್ಕ ಬಟ್ಟೆಗೆ ಚುಚ್ಚಿದ ಸೂಜಿ, ಅದರಲ್ಲಿ ಹಳದಿ ದಾರ. ಸೂಜಿ ತುಕ್ಕು ಹಿಡಿದು ಸುತ್ತ ಬಟ್ಟೆ ಕಂದಾಗಿತ್ತು.

ನೆಲದ ಮೇಲೆ ಕೂತುಬಿಟ್ಟೆ. ಬೈಯದೆ, ಕೇಳದೆ, ಮೂವತ್ತೊಂಬತ್ತನ್ನು ತಾವು ಹೊಲಿದು ನನ್ನದೊಂದನ್ನು ನನಗಾಗಿ ಉಳಿಸಿ ಕಾದಿದ್ದರು. ನಾನು ಬಿಚ್ಚದೆಯೇ ಆಯ್ತು ಎಂದಿದ್ದೆ. ನಂಬಿದರೋ? ಆ ಮೌನದಲ್ಲಿ ನನ್ನ ಸುಳ್ಳು ಗೊತ್ತಾಗಿ, ಈ ಇಲಿ ಇನ್ನೆಷ್ಟು ದಿನ ನಡುಗುತ್ತಾಳೋ ಎಂದು, ಬೆರಳು ಬಗ್ಗಿತು ಎಂದು ಅವರೂ ಒಂದು ಸುಳ್ಳು ಹೇಳಿದರೋ... ಕೇಳೋಣವೆಂದರೆ ಯಾರನ್ನು ಕೇಳಲಿ?

ತುಕ್ಕು ಹಿಡಿದ ಸೂಜಿ ಎಳೆದರೆ ಬರಲಿಲ್ಲ, ಮುರಿಯಿತು. ಹೊಸ ಸೂಜಿಗೆ ಅದೇ ಹಳದಿ ದಾರ ಪೋಣಿಸಿದೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ಅರ್ಧ ಗಂಟೆ ಹಿಡಿಯಿತು. ಸೊಟ್ಟಗೆ ಬಂತು, ಆದರೂ ಮೇಲಕ್ಕೇ ನೋಡುತ್ತಿತ್ತು. ಗಂಟು ಹಾಕಿ, ದಾರ ಕತ್ತರಿಸಿ, ಫೋನಿನಲ್ಲಿ ಇನ್ನೂ ಅಳಿಸದೇ ಇಟ್ಟುಕೊಂಡಿದ್ದ ‘ಟೈಲರ್ ಆಂಟಿ’ ನಂಬರ್ ಒತ್ತಿದೆ. ಆ ನಂಬರು ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಅದರ ಮೇಲೆಯೇ, “ಆಯ್ತು ಆಂಟಿ” ಎಂದೆ.